ಏಳು ವರ್ಷದ ರಜೆ

ರಷ್ಯದ ಸೆರೆಯಿಂದ ಬಿಡುಗಡೆಯಾಗಿ, ಅರ್ಧ ದಾರಿ ಗಾಡಿಯಲ್ಲಿ, ಅರ್ಧ ದಾರಿ ಕಾಲೆಳೆದುಕೊಂಡು ಕಾಸೆಲ್ ಪಟ್ಟಣ ಸೇರಿದ ಕ್ಯಾಪ್ಟನ್ ಯುಸ್ಟುಸ್ ಉಂಬಾಖ್‌ನಿಗೆ ಸ್ವಂತ ಊರು ಕೊಟ್ಟ ಮೊದಲ ಉಡುಗೊರೆ ಒಂದು ಚೌರಿ. ಕುದುರೆ ಬಾಲದ ಕೂದಲನ್ನು ಹೆಣೆದು, ಹಿಟ್ಟು ಬಳಿದು ಬೆಳ್ಳಗೆ ಮಾಡಿ, ಕಪ್ಪು ಪಟ್ಟಿ ಸುತ್ತಿದ ಗೇಣುದ್ದದ ಜಡೆ. ಪಟಾಲಮಿನ ಕ್ಷೌರಿಕ ಅದನ್ನು ಅವನ ಕೊರಳಪಟ್ಟಿಗೆ ಕೊಂಡಿ ಹಾಕಿ ಸಿಕ್ಕಿಸಿದ. ಸ್ವಂತ ಜಡೆ ಬಿಡಲು ಯುಸ್ಟುಸ್‌ನ ತಲೆಯಲ್ಲಿ ಕೂದಲು ಉಳಿದಿದ್ದರೆ ತಾನೆ?

"ತಲೆ ಜಾಸ್ತಿ ಅಲ್ಲಾಡಿಸ್ಬೇಡಿ ಲೆಫ್ಟಿನೆಂಟ್ರೇ, ಬಿದ್ಹೋಗತ್ತೆ."

"ಕ್ಯಾಪ್ಟನ್ ಕಣಯ್ಯ ನಾನು."

"ಅದು ಫ್ರೆಂಚರ ಕಾಲದಲ್ಲಿ. ಈಗ ಲೆಫ್ಟಿನೆಂಟ್ರು, ಅದೂ ಕಿರಿಯ ಲೆಫ್ಟಿನೆಂಟ್ರು. ನಾನೂ ಆಗ ಮುಖ್ಯ ಕ್ಷೌರಿಕ ಆಗಿದ್ದೆ. ಈಗ ಮತ್ತೆ ಸೋಪು ಕಲಸೋನು," ಅಂದ ಕ್ಷೌರಿಕ, ದುಃಖವೇನೂ ಇಲ್ಲದೆ.

ಆದದ್ದು ಇಷ್ಟು. ಸಾವಿರದ ಎಂಟುನೂರ ಆರನೆಯ ಇಸವಿಯಲ್ಲಿ ಫ್ರೆಂಚರ ಸೈನ್ಯ ಒಂದು ಗುಂಡೂ ಹಾರಿಸದೆ ಊರೊಳಗೆ ನಡೆದು ಬಂತು. ಕಾಸೆಲ್ ರಾಜಧಾನಿಯಾಗಿದ್ದ ಹೆಸ್ಸೆ ನಾಡಿನ ದೊರೆ ಊರು ಬಿಟ್ಟು ಓಡಿದ. ಅವನ ಸೈನಿಕರ ಕೈಯಿಂದ ಬಂದೂಕು ಕಸಿದುಕೊಂಡು ಮನೆಗೆ ಹೋಗಿ ಅಂದರು. ಫ್ರೆಂಚರು ತಮ್ಮವನೊಬ್ಬನನ್ನು ರಾಜನೆಂದು ತಂದು ಕೂರಿಸಿದರು. ಆ ರಾಜನಿಗೂ ಸೈನ್ಯ ಬೇಕಿತ್ತು, ಮನೆಗೆ ಹೋದವರಿಗೂ ಹೊಟ್ಟೆಗೆ ಬೇಕಿತ್ತು, ಹೆಚ್ಚಿನವರು ಹೊಸ ಉಡುಪು ತೊಟ್ಟರು. ಯುಸ್ಟುಸ್ ಸ್ಪೇನಿಗೆ ಹೋಗಿ ತೊಡೆಗೆ ಗುಂಡು ತಿಂದು ಕ್ಯಾಪ್ಟನ್ ಆದ, ಆಮೇಲೆ ರಷ್ಯಕ್ಕೆ ಹೋಗಿ ಸೆರೆಸಿಕ್ಕ. ಅವನು ಅಲ್ಲಿರುವಾಗಲೇ ಫ್ರೆಂಚರು ಸೋತು, ಹಳೆಯ ದೊರೆ ವಾಪಸು ಬಂದು, ಒಂದೇ ಮಾತಿನಲ್ಲಿ ಎಲ್ಲವನ್ನೂ ಒರೆಸಿ ಹಾಕಿದ: ನಡುವಿನ ಏಳು ವರ್ಷ ನಡೆದೇ ಇಲ್ಲ, ನನ್ನ ಸೈನ್ಯ ಅಷ್ಟೂ ದಿನ ರಜೆಯ ಮೇಲಿತ್ತು, ಪ್ರತಿಯೊಬ್ಬನೂ ಆರನೆಯ ಇಸವಿಯಲ್ಲಿ ಎಲ್ಲಿ ನಿಂತಿದ್ದನೋ ಅಲ್ಲೇ ಬಂದು ನಿಲ್ಲಲಿ, ಆಗಿನ ಹಾಗೆಯೇ ಜಡೆ ಬಿಡಲಿ. ಮನೆಯ ಮುದುಕರು ಮುನಿಸಿಕೊಂಡರೆ ಹೇಗೋ ಸಹಿಸಬಹುದು. ಸಿಂಹಾಸನ ಇರುವ ಮುದುಕ ಮುನಿಸಿಕೊಂಡರೆ ಇಡೀ ಊರು ಚೌರಿ ಕಟ್ಟಿಕೊಂಡು ತಿರುಗಬೇಕಾಗುತ್ತದೆ.

ಯುಸ್ಟುಸ್‌ಗೆ ಜಡೆಯ ಬಗ್ಗೆ ಬೇಸರವಿರಲಿಲ್ಲ, ಪದವಿ ಇಳಿದದ್ದೂ ಅಷ್ಟೇನೂ ಚುಚ್ಚಲಿಲ್ಲ. ಕಾಲಿನ ಹತ್ತೂ ಬೆರಳು ಉಳಿಸಿಕೊಂಡು ರಷ್ಯದಿಂದ ಬಂದವನಿಗೆ ಇವೆಲ್ಲ ಯಾವ ಲೆಕ್ಕ! ಮನೆಯಲ್ಲಿ ಹೆಂಡತಿ ಟ್ರೂಡೆ ಇದ್ದಳು. ಮೂರು ವರ್ಷದ ಮಗಳು ಲೀನಾ ಇದ್ದಳು. ಅಪ್ಪನನ್ನು ಕಂಡು ಅವಳು ಮೊದಲ ದಿನ ಮೇಜಿನ ಕೆಳಗೆ ಅಡಗಿದಳು, ಎರಡನೆಯ ದಿನ ಅವನ ಚೌರಿ ಹಿಡಿದು ಎಳೆದಳು. ಫ್ರೆಂಚರು ಬಂದರುಗಳಿಗೆ ಹಾಕಿದ್ದ ಬೀಗ ತೆರೆದಿದ್ದರಿಂದ ಊರಿಗೆಲ್ಲ ನಿಜವಾದ ಕಾಫಿ ಬಂದಿತ್ತು. ಅಷ್ಟು ವರ್ಷ ಹುರಿದ ಬೇರು ಕುದಿಸಿ ಕುಡಿದ ಬಾಯಿಗೆ ಆ ಕಾಫಿಯ ಮೊದಲ ಗುಟುಕು ಇಳಿದಾಗ ಯುಸ್ಟುಸ್ ಕಣ್ಣು ಮುಚ್ಚಿಕೊಂಡು ಸುಮ್ಮನೆ ಕೂತುಬಿಟ್ಟಿದ್ದ. ಇನ್ನೇನೂ ಬೇಡ ಅನ್ನಿಸಿತ್ತು.

ಆ ನೆಮ್ಮದಿಗೆ ಕಲ್ಲು ಬಿದ್ದದ್ದು ಕರ್ನಲ್ ಫಾನ್ ಲೂಡರ್ಬಾಖ್‌ರ ಕೋಣೆಯಲ್ಲಿ.

ಕರ್ನಲ್‌ರಿಗೆ ಎಪ್ಪತ್ತರ ಹತ್ತಿರ. ಫ್ರೆಂಚರಿದ್ದಷ್ಟು ಕಾಲವೂ ಹಳ್ಳಿಯ ಮನೆಯಲ್ಲಿ ಕಿಟಕಿ ಮುಚ್ಚಿಕೊಂಡು, ಜಡೆ ಬಿಚ್ಚದೆ, ಬಾಯಲ್ಲಿ ಒಂದು ಫ್ರೆಂಚ್ ಶಬ್ದವನ್ನೂ ಆಡದೆ ಕೂತಿದ್ದ ಮನುಷ್ಯ. ಹಟಮಾರಿ ಅನ್ನಿ, ಮೋಸಗಾರ ಅನ್ನುವಂತಿಲ್ಲ. ಅವರ ಒಬ್ಬನೇ ಮಗ ಮೋರಿಟ್ಸ್, ಇದೇ ಪಟಾಲಮಿನಲ್ಲಿ ಯುಸ್ಟುಸ್‌ನ ಓರಗೆಯವನು, ಎಲ್ಲರ ಹಾಗೆ ಹೊಸ ರಾಜನ ಉಡುಪು ತೊಟ್ಟು ಅಪ್ಪನ ಮುಂದೆ ಬಂದು ನಿಂತಾಗ ಅವರು ಮುಖದ ಮೇಲೇ ಬಾಗಿಲು ಹಾಕಿದ್ದರು. ನನಗೆ ಮಗ ಇದ್ದ, ಇವತ್ತು ಸತ್ತ ಅಂದಿದ್ದರಂತೆ. ಆಮೇಲೆ ಮಗನ ಹೆಸರು ಅವರ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿರಲಿಲ್ಲ.

"ಮದುವೆ?" ಕರ್ನಲ್ ತಲೆ ಎತ್ತದೆ ಕೇಳಿದರು.

"ಆಗಿದೆ, ಕರ್ನಲ್ ಸಾಹೇಬ್ರೇ. ಹತ್ತನೇ ಇಸವೀಲಿ."

"ಯಾವ ಹತ್ತು?"

"ಸಾವಿರದ ಎಂಟುನೂರ ಹತ್ತು."

"ನಮ್ಮ ಪಟಾಲಮಿಗೆ ಆ ವರ್ಷ ಬಂದೇ ಇಲ್ಲವಲ್ಲಯ್ಯ."

ಯುಸ್ಟುಸ್ ನಗಬೇಕೋ ಬೇಡವೋ ತಿಳಿಯದೆ ನಿಂತ. ಕರ್ನಲ್ ನಗುತ್ತಿರಲಿಲ್ಲ. ಅಧಿಕಾರಿಯಾದವನು ತನ್ನ ಕರ್ನಲ್‌ನ ಒಪ್ಪಿಗೆಯಿಲ್ಲದೆ ಮದುವೆಯಾಗುವಂತಿಲ್ಲ, ಕಿರಿಯ ಲೆಫ್ಟಿನೆಂಟನಿಗೆ ಆ ಒಪ್ಪಿಗೆ ಕೊಡುವ ವಾಡಿಕೆಯೂ ಇಲ್ಲ. ಯುಸ್ಟುಸ್ ಒಪ್ಪಿಗೆ ಪಡೆದದ್ದು ಕ್ಯಾಪ್ಟನ್ ಆದಮೇಲೆ, ಫ್ರೆಂಚ್ ರಾಜನ ಸೇನೆಯಲ್ಲಿ. ಆ ರಾಜನೇ ಇರಲಿಲ್ಲ ಅಂದಮೇಲೆ ಆ ಕ್ಯಾಪ್ಟನೂ ಇಲ್ಲ, ಒಪ್ಪಿಗೆಯೂ ಇಲ್ಲ, ಮದುವೆಯೂ ಇಲ್ಲ.

"ಸೆಪ್ಟೆಂಬರ್ ಕೊನೇಲಿ, ಮೈಕೆಲ್ ಹಬ್ಬದ ದಿನ ಪಟಾಲಮಿನ ಹಾಜರಿ. ಅದಾದ ತಕ್ಷಣ ಅರಮನೆಗೆ ನನ್ನ ವರದಿ ಹೋಗತ್ತೆ. ಅದ್ರಲ್ಲಿ ನೀನು ಮದುವೆಯಾಗದೋನು. ಅಷ್ಟರೊಳಗೆ ಆ ಹೆಂಗಸನ್ನ ಅವಳ ತಾಯಿ ಮನೆಗೆ ಕಳಿಸು. ಮಗೂಗೆ ತಾಯಿ ಕಡೆ ಹೆಸರು ಹಾಕಿಸು."

"ಅವಳು ಆ ಹೆಂಗಸಲ್ಲ ಸಾಹೇಬ್ರೇ, ನನ್ನ ಹೆಂಡ್ತಿ. ಬೇಕಾದ್ರೆ ನಾನು ಕೆಲಸಾನೇ ಬಿಡ್ತೀನಿ."

"ಬಿಡು. ಅಧಿಕಾರಿಯಾಗಿದ್ದಾಗ ಒಪ್ಪಿಗೆ ಇಲ್ದೆ ಆದ ಮದುವೆ ಕೆಲಸ ಬಿಟ್ಟ ಮಾತ್ರಕ್ಕೆ ಸರಿಹೋಗತ್ತಾ? ಆಗಲೂ ಅವಳು ನಿನ್ನ ಹೆಂಡತಿಯಾಗಲ್ಲ. ನೀನು ಅನ್ನ ಇಲ್ಲದ ಬ್ರಹ್ಮಚಾರಿ ಆಗ್ತೀಯ, ಅಷ್ಟೇ. ಹೋಗು. ಜಡೆ ನೆಟ್ಟಗೆ ಮಾಡ್ಕೋ."

ಮನೆಯಲ್ಲಿ ಟ್ರೂಡೆ ಮೊದಲು ಇದನ್ನು ತಮಾಷೆ ಅಂದುಕೊಂಡಳು. ತಮಾಷೆಯಲ್ಲ ಎಂದು ಗೊತ್ತಾದಾಗ ಸಿಪ್ಪೆ ಸುಲಿಯುತ್ತಿದ್ದ ಆಲೂಗಡ್ಡೆಯನ್ನು ಬುಟ್ಟಿಗೆ ಎಸೆದಳು.

"ಏನ್ರೀ ಇದು! ಎರಡು ವರ್ಷ ನೀವು ಬದುಕಿದ್ದೀರೋ ಸತ್ತಿದ್ದೀರೋ ಗೊತ್ತಿಲ್ದೆ ಇದೇ ಬಾಗಿಲು ಕಾಯ್ಕೊಂಡು ಕೂತಿದ್ನಲ್ಲ, ಆಗ ನಾನು ಯಾರಾಗಿದ್ದೆ? ನಿಮ್ಮ ಆ ಮುದುಕನ್ನ ಕೇಳ್ಕೊಂಡು ಬನ್ನಿ. ಊರೋರೆಲ್ಲ ನಿನ್ನ ಗಂಡ ಹೋದ ಕಣೇ, ಇನ್ನೊಬ್ಬನ್ನ ನೋಡ್ಕೋ ಅಂದಾಗ ಹೆಂಡತಿಯಾಗಿದ್ದೆ. ಈಗ ನೀವು ಬಂದ್ಮೇಲೆ ಹೆಂಡತಿ ಅಲ್ವಾ?"

"ಮೆಲ್ಲಗೆ ಮಾತಾಡೇ, ಮಗು ಇದೆ."

"ಯಾರ ಮಗು? ಅದಕ್ಕೂ ಅಪ್ಪ ಇಲ್ವಂತಲ್ಲ!"

ಅವಳು ಅತ್ತಳು. ಅವಳು ಅಳುವುದನ್ನು ನೋಡಿ ಲೀನಾ ಅತ್ತಳು. ಯುಸ್ಟುಸ್‌ಗೂ ಅಳು ಬಂತು, ಆದರೆ ಮೂವರೂ ಅತ್ತರೆ ಸಮಾಧಾನ ಮಾಡುವವರು ಯಾರೆಂದು ತಡೆದುಕೊಂಡ. ಆಮೇಲೆ, ಹೇಳಬಾರದು ಅಂದುಕೊಂಡಿದ್ದ ಒಂದು ಮಾತನ್ನು ಹೆಂಡತಿಗೆ ಹೇಳಿಬಿಟ್ಟ.

ಕರ್ನಲ್‌ರ ಮಗ ಮೋರಿಟ್ಸ್ ಸತ್ತಿರಲಿಲ್ಲ. ಅವನೂ ಯುಸ್ಟುಸನೂ ಒಟ್ಟಿಗೇ ಸೆರೆಸಿಕ್ಕು, ಒಟ್ಟಿಗೇ ವೋಲ್ಗಾ ನದಿಯ ದಂಡೆಯ ಸಾರಾತೊವ್ ಸೀಮೆಗೆ ನಡೆದಿದ್ದರು. ಅಲ್ಲಿ ಅಜ್ಜಂದಿರ ಕಾಲದಲ್ಲಿ ಹೆಸ್ಸೆಯಿಂದ ವಲಸೆ ಹೋದ ಜನರ ಹಳ್ಳಿಗಳಿದ್ದವು. ಊರ ಕಡೆಯ ಭಾಷೆ ಕೇಳಿದ್ದೇ ಆ ಜನ ಕೈದಿಗಳನ್ನು ಮನೆಗೆ ಕರೆದು ಕೋಸಿನ ಸಾರು ಬಡಿಸಿದ್ದರು. ಮೋರಿಟ್ಸ್ ಆ ಸಾರು ಬಡಿಸಿದ ಹುಡುಗಿಯನ್ನೇ ಮದುವೆಯಾದ. ಅವನಿಗೊಂದು ಕೂಸು ಹುಟ್ಟಿದ ಮೇಲೆಯೇ ಯುಸ್ಟುಸ್ ಅಲ್ಲಿಂದ ಹೊರಟದ್ದು.

ಟ್ರೂಡೆ ಕಣ್ಣೊರೆಸಿಕೊಂಡು ಬಾಯಿ ಬಿಟ್ಟುಕೊಂಡು ನೋಡಿದಳು. "ಇದನ್ನ ಆ ಮುದುಕನಿಗೆ ಹೇಳಿಲ್ವಾ ನೀವು?"

"ಹೇಳೋ ಹಾಗಿಲ್ಲ. ಮೋರಿಟ್ಸ್ ನನ್ನ ಕೈಲಿ ಮಾತು ತಗೊಂಡಿದ್ದಾನೆ. ಅಪ್ಪ ತಾವಾಗಿ ಕೇಳಿದ್ರೆ ಹೇಳು, ಕೇಳ್ದಿದ್ರೆ ನಾನು ಸತ್ತೋನೇ ಅಂದ. ಅವರು ನನ್ನ ಸಾಯಿಸಿದ್ದು ಬಾಯಿಂದ, ಬದುಕಿಸೋದೂ ಅವರ ಬಾಯಿಂದ್ಲೇ ಆಗ್ಲಿ ಅಂದ."

"ಆಹಾ! ಅಪ್ಪ ಹಾಗೆ, ಮಗ ಹೀಗೆ. ಅವರಿಬ್ಬರ ಹಟಕ್ಕೆ ನಮ್ಮ ಸಂಸಾರ ಬಲಿ ಕೊಡ್ಬೇಕಾ? ನಾಳೆನೇ ಹೋಗಿ ಹೇಳ್ಬಿಡ್ರೀ."

"ಮಾತು ಕೊಟ್ಟಿದ್ದೀನಿ ಟ್ರೂಡೆ."

"ನನಗೂ ಒಂದು ಮಾತು ಕೊಟ್ಟಿದ್ರಿ. ಚರ್ಚಿನಲ್ಲಿ, ಎಲ್ಲರ ಎದುರಿಗೆ."

ಆ ಜನರಲ್ಲಿ ಅಧಿಕಾರಿ ಕೊಟ್ಟ ಮಾತು ಎಂದರೆ ಅವನ ಸೊಂಟದ ಕತ್ತಿಗಿಂತ ದೊಡ್ಡದು. ಮಾತು ಮುರಿದವನ ಜೊತೆ ಇನ್ನೊಬ್ಬ ಅಧಿಕಾರಿ ಮೇಜಿಗೂ ಕೂರುವುದಿಲ್ಲ. ಹಾಗೆಂದು ಹೆಂಡತಿಯ ಕಣ್ಣೀರಿಗೂ ಬೆಲೆಯಿದೆ ಎಂದು ಅವರ ಯಾವ ಕಾಯಿದೆಯಲ್ಲೂ ಬರೆದಿಲ್ಲ, ಬರೆಯಬೇಕಿತ್ತು.

ಅಂದಿನಿಂದ ಅವನು ಕರ್ನಲ್‌ರ ಬಾಯಿ ಕಾಯತೊಡಗಿದ. ಕವಾಯತಿನಲ್ಲಿ, ಕುದುರೆ ಲಾಯದಲ್ಲಿ, ಭಾನುವಾರದ ಪ್ರಾರ್ಥನೆ ಮುಗಿದು ಜನ ಹೊರಬರುವಾಗ, ಎಲ್ಲೆಲ್ಲಿ ಅವರ ಕಣ್ಣಿಗೆ ಬೀಳಬಹುದೋ ಅಲ್ಲೆಲ್ಲ ಹೋಗಿ ನಿಂತ. ನೀನು ರಷ್ಯದಿಂದ ಬಂದವನಲ್ಲವೇ, ನನ್ನ ಮಗನನ್ನು ನೋಡಿದೆಯಾ ಎಂದು ಒಂದು ಮಾತು ಕೇಳಿದರೆ ಸಾಕಿತ್ತು. ಮುದುಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಗುಂಡಿ ಬಿಚ್ಚಿದೆ, ಹಾಕ್ಕೋ," ಎಂದು ಮುಂದೆ ಹೋಗುತ್ತಿದ್ದರು. ಕೇಳಬೇಕೆಂಬ ಆಸೆ ಅವರಿಗೆ ಇರಲಿಲ್ಲ ಎನ್ನಲಾರೆ. ಗುಂಡಿ ಬಿಚ್ಚದ ದಿನವೂ ಬಿಚ್ಚಿದೆ ಎನ್ನುತ್ತಿದ್ದರು.

ಮೈಕೆಲ್ ಹಬ್ಬದ ಬೆಳಿಗ್ಗೆ ಟ್ರೂಡೆ ಪೆಟ್ಟಿಗೆ ಕಟ್ಟಿದಳು. ಜಗಳವಾಡಲಿಲ್ಲ, ಅದಕ್ಕೇ ಯುಸ್ಟುಸ್‌ಗೆ ಹೆದರಿಕೆಯಾಯಿತು. "ನಿಮ್ಮ ಹಾಜರಿ ಮುಗೀಲಿ. ಅಲ್ಲಿವರೆಗೆ ಇಲ್ಲೇ ಇರ್ತೀನಿ," ಅಂದಳಷ್ಟೇ. ಕಾಫಿ ಮಾಡಿದ್ದಳು. ಅವನು ಬಟ್ಟಲು ಮುಟ್ಟದೆ ಹೊರಟ.

ಫುಲ್ದಾ ಹೊಳೆಯ ಪಕ್ಕದ ಬಯಲಲ್ಲಿ ಪಟಾಲಮು ಸಾಲಾಗಿ ನಿಂತಿತು. ಎಲ್ಲರ ಬೆನ್ನ ಮೇಲೂ ಬಿಳಿ ಜಡೆ. ಕರ್ನಲ್ ಕುದುರೆಯ ಮೇಲೆ ಕೂತಿದ್ದರು. ದೊರೆ ವಾಪಸು ಬಂದಾಗ ಎಲ್ಲರನ್ನೂ ಅವಸರದಲ್ಲಿ ಫ್ರೆಂಚರ ಮೇಲಿನ ಯುದ್ಧಕ್ಕೆ ಅಟ್ಟಿದ್ದರಿಂದ ಸರಿಯಾಗಿ ಹಾಜರಿ ಕೂಗಿಸಿರಲಿಲ್ಲ, ಇದೇ ಮೊದಲು. ಕೂಗಬೇಕಾದದ್ದು ಆರನೆಯ ಇಸವಿಯ ಹೆಸರುಗಳನ್ನು, ಆಗ ಇದ್ದ ಸಾಲಿನಲ್ಲೇ. ಅರಮನೆಯ ಆಜ್ಞೆ ಹಾಗಿತ್ತು. ಅದರಿಂದ ಏನಾಗಬಹುದು ಎಂದು ಯೋಚಿಸುವ ಪುಣ್ಯಾತ್ಮ ಅಲ್ಲಿ ಒಬ್ಬನೂ ಇರಲಿಲ್ಲ.

ಹವಾಲ್ದಾರ್ ರುಪ್ಪೆಲ್ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಮೊದಲ ಹೆಸರಿಗೆ "ಇದ್ದೇನೆ!" ಎಂದು ಉತ್ತರ ಬಂತು. ಎರಡನೆಯದಕ್ಕೆ ಬರಲಿಲ್ಲ.

ಉತ್ತರ ಬಾರದಿದ್ದರೆ ಸಾಲಿನಲ್ಲಿ ಪಕ್ಕದಲ್ಲಿದ್ದವನು ಅವನ ಪರವಾಗಿ ಹೇಳಬೇಕು, ಮುಖ್ಯಸ್ಥ "ಎಲ್ಲಿ?" ಎಂದು ಕೇಳಬೇಕು. ಹಿಂದಿನಿಂದ ನಡೆದು ಬಂದ ಪದ್ಧತಿ ಅದು. ಹಿಂದೆಲ್ಲ ಜ್ವರ, ಆಸ್ಪತ್ರೆ, ಅಣ್ಣನ ಮದುವೆ ಎಂಬಂಥ ಉತ್ತರ ಬರುತ್ತಿತ್ತು.

"ಸತ್ತ," ಎಂದ ಪಕ್ಕದವನು.

"ಎಲ್ಲಿ?" ಎಂದರು ಕರ್ನಲ್.

"ಸ್ಪೇನಲ್ಲಿ. ಜೆರೋನಾ ಕೋಟೆ ಹತ್ರ."

ರುಪ್ಪೆಲ್ ಮುಂದಿನ ಹೆಸರು ಕೂಗಿದ. ಅದಕ್ಕೂ ಉತ್ತರವಿಲ್ಲ. ಎಲ್ಲಿ? ರಷ್ಯದ ಬೊರೊಡಿನೊ ಬಯಲಲ್ಲಿ. ಇನ್ನೊಂದು ಹೆಸರು. ಎಲ್ಲಿ? ಬೆರೆಜಿನಾ ಹೊಳೆಯಲ್ಲಿ. ಎಲ್ಲಿ? ಗೊತ್ತಿಲ್ಲ ಸಾಹೇಬ್ರೇ, ಹಿಮದಲ್ಲಿ ಕೂತ್ಕೊಂಡ, ಏಳ್ಲಿಲ್ಲ. ಇರುವವರಿಗಿಂತ ಇಲ್ಲದವರ ಹೆಸರೇ ಹೆಚ್ಚಾಗಿ ಕೇಳತೊಡಗಿತು. ನಡೆದೇ ಇಲ್ಲದ ವರ್ಷಗಳಲ್ಲಿ ಇಷ್ಟೊಂದು ಜನ ಸತ್ತದ್ದು ಹೇಗೆ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ರುಪ್ಪೆಲ್‌ನ ಕೂಗು ಬರುಬರುತ್ತಾ ಇಳಿದು, ಮನೆಯೊಳಗೆ ಮಾತಾಡುವ ದನಿಯಾಯಿತು. ಕರ್ನಲ್ ಮಾತ್ರ ಪ್ರತಿ ಸಲವೂ ಬಿಡದೆ ಕೇಳಿದರು. ಮುಖ ಸುಣ್ಣದ ಗೋಡೆಯಂತೆ ಬಿಳಿಚಿತ್ತು.

ಕಿರಿಯ ಲೆಫ್ಟಿನೆಂಟರ ಸರದಿ ಬಂತು. ಯುಸ್ಟುಸ್‌ಗೆ ಅಷ್ಟು ಹೊತ್ತೂ ಹೊಳೆಯದಿದ್ದದ್ದು ಆಗ ಹೊಳೆಯಿತು. ಆರನೆಯ ಇಸವಿಯಲ್ಲಿ ತನ್ನ ಎಡಗಡೆ ನಿಲ್ಲುತ್ತಿದ್ದವನು ಯಾರು?

"ಮೋರಿಟ್ಸ್ ಫಾನ್ ಲೂಡರ್ಬಾಖ್!"

ಉತ್ತರವಿಲ್ಲ. ಪಕ್ಕದವನಾಗಿ ಯುಸ್ಟುಸ್ ಈಗ ಬಾಯಿ ತೆರೆಯಬೇಕು. ಸತ್ತ ಎಂದರೆ ಸುಳ್ಳು, ಬದುಕಿದ್ದಾನೆ ಎಂದರೆ ಕೊಟ್ಟ ಮಾತು ಮುರಿದಂತೆ. ಅವನು ಎರಡನ್ನೂ ಬಿಟ್ಟು, "ಇಲ್ಲಿಲ್ಲ, ಸಾಹೇಬ್ರೇ," ಎಂದ.

ಕರ್ನಲ್ "ಎಲ್ಲಿ?" ಎನ್ನಲಿಲ್ಲ. ಕುದುರೆ ಕಾಲು ಬದಲಿಸಿತು. ರುಪ್ಪೆಲ್‌ಗೆ ಮುದುಕರ ಮೇಲೆ ಕನಿಕರ ಬಂದು ಮುಂದಿನ ಹೆಸರಿಗೆ ಬಾಯಿ ತೆರೆದ. ಕೇಳಿ ಸಾಹೇಬ್ರೇ, ದಮ್ಮಯ್ಯ ಕೇಳಿ, ಎಲ್ಲರನ್ನೂ ಕೇಳಿದಿರಲ್ಲ, ಎಂದು ಯುಸ್ಟುಸ್ ಮನಸ್ಸಿನಲ್ಲೇ ಗೋಗರೆದ. ಇನ್ನೇನು ಹೊತ್ತು ಮೀರಿತು ಎನ್ನುವಾಗ ಕರ್ನಲ್ ಕೈ ಎತ್ತಿ ರುಪ್ಪೆಲ್‌ನನ್ನು ತಡೆದರು. ಕೇಳಿದರೋ ಉಸಿರು ಬಿಟ್ಟರೋ ಗೊತ್ತಾಗದಷ್ಟು ಮೆಲ್ಲಗೆ ಬಂತು ಆ ಮಾತು.

"ಎಲ್ಲಿ?"

"ಸಾರಾತೊವ್‌ನಲ್ಲಿ, ಕರ್ನಲ್ ಸಾಹೇಬ್ರೇ!" ಯುಸ್ಟುಸ್‌ನ ದನಿ ಹೊಳೆಯ ಆಚೆ ದಡಕ್ಕೂ ಕೇಳಿಸಿರಬೇಕು. "ಬದುಕಿದ್ದಾರೆ! ಆರೋಗ್ಯವಾಗಿದ್ದಾರೆ! ಹೆಂಡ್ತಿ ಮಗು ಇದ್ದಾರೆ!"

ಸಾಲಿನಲ್ಲಿ ಗುಸುಗುಸು ಎದ್ದಿತು. ಅಷ್ಟು ಸಾವು ಕೇಳಿ ಕಲ್ಲಾಗಿ ನಿಂತಿದ್ದ ಗಂಡಸರ ಮುಖದಲ್ಲಿ ಜೀವ ಬಂತು, ಯಾರೋ ಒಬ್ಬ ಹಿಂದಿನಿಂದ "ಸಿಕ್ಕಿದನಪ್ಪಾ ಒಬ್ಬ!" ಎಂದ. ಕರ್ನಲ್ ಜೀನು ಹಿಡಿದುಕೊಂಡರು. "ಮುಂದೆ," ಎಂದರು.

"ಯುಸ್ಟುಸ್ ಉಂಬಾಖ್!"

"ಇದ್ದೇನೆ!"

ಹಾಜರಿ ಮುಗಿದದ್ದೇ ಕರ್ನಲ್‌ರ ಕೋಣೆಗೆ ಕರೆ ಬಂತು. ಅವರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.

"ಇಷ್ಟು ದಿನ ನನ್ನ ಕಣ್ಣೆದುರಿಗೇ ಸುಳಿದಾಡ್ತಿದ್ದೆಯಲ್ಲೋ. ಯಾಕೆ ಹೇಳ್ಲಿಲ್ಲ?"

"ತಾವು ಕೇಳ್ಲಿಲ್ಲ. ಕೇಳಿದ್ರೆ ಮಾತ್ರ ಹೇಳು ಅಂತ ಅವನು ಮಾತು ತಗೊಂಡಿದ್ದ."

"ಕತ್ತೆ!" ಎಂದರು. ಸ್ವಲ್ಪ ತಡೆದು, "ಅವನನ್ನಂದೆ, ನಿನ್ನನ್ನಲ್ಲ," ಎಂದರು. ಇನ್ನೂ ಸ್ವಲ್ಪ ತಡೆದು, "ನನ್ನನ್ನೂ ಸೇರಿಸಿ ಅಂದೆ," ಎಂದರು.

ಅಂಥ ಮಾತಿಗೆ ಹೌದು ಅನ್ನಲೂ ಆಗದು, ಅಲ್ಲ ಅನ್ನಲೂ ಆಗದು.

"ಯಾರು ಆ ಹುಡುಗಿ?"

"ಗಿರಣಿಯವರ ಮಗಳು. ಅವಳ ಅಜ್ಜ ನಮ್ಮ ಕಡೆಯಿಂದ್ಲೇ ಹೋದೋರಂತೆ."

"ಗಿರಣಿಯವನ ಮಗಳು! ಲೂಡರ್ಬಾಖ್ ಮನೆತನಕ್ಕೆ! ಯಾರ ಒಪ್ಪಿಗೆ ಕೇಳ್ದ ಅವನು? ಕಿರಿಯ ಲೆಫ್ಟಿನೆಂಟ್ ಕಣಯ್ಯ ಅವನು!"

"ಹೌದು ಸಾಹೇಬ್ರೇ. ನನ್ನ ಹಾಗೇ."

ಕರ್ನಲ್ ತಿರುಗಿ ನೋಡಿದರು. ಯುಸ್ಟುಸ್ ಈಗಲ್ಲದಿದ್ದರೆ ಇನ್ನೆಂದೂ ಇಲ್ಲ ಎಂದು ಮಾತು ಮುಂದುವರಿಸಿದ. "ನನ್ನ ಹೆಂಡತಿ ಇಲ್ಲ ಅಂತ ತಾವು ಬರೆದ್ರೆ ಅವನ ಹೆಂಡತಿನೂ ಇಲ್ಲ. ಆ ಕೂಸೂ ಇಲ್ಲ. ನಾನು ಅದನ್ನ ಎತ್ತಿ ಆಡಿಸಿದ್ದೀನಿ ಸಾಹೇಬ್ರೇ. ಇಲ್ಲ ಅನ್ನೋಕೆ ನನ್ನ ಕೈಲಾಗಲ್ಲ."

ಬಯಲಿನಲ್ಲಿ ಮನೆಗೆ ಹೊರಟ ಸೈನಿಕರ ಗಲಾಟೆ ಕೇಳುತ್ತಿತ್ತು. ಮುದುಕರು ಮೇಜಿನ ಅಂಚು ಹಿಡಿದು ನಿಧಾನವಾಗಿ ಕೂತರು.

"ಗಂಡೋ, ಹೆಣ್ಣೋ?"

"ಹೆಣ್ಣು."

"ಅಳ್ತಾಳಾ?"

"ಅತ್ತರೆ ಮೂರು ಬೀದಿಗೆ ಕೇಳತ್ತೆ."

"ನಮ್ಮ ಮನೆತನ," ಎಂದರು ಕರ್ನಲ್. ಅಷ್ಟು ಹೇಳಿ ಅವರು ನಕ್ಕರು, ನಗುತ್ತ ನಗುತ್ತ ಕಣ್ಣಿಗೆ ಕರವಸ್ತ್ರ ಒತ್ತಿಕೊಂಡರು. ಲೇಖನಿ ಎಳೆದುಕೊಂಡು, ಬರೆಯುತ್ತಲೇ ಗಟ್ಟಿಯಾಗಿ ಓದಿದರು: ಯುಸ್ಟುಸ್ ಉಂಬಾಖ್, ವಿವಾಹಿತ, ಸಾವಿರದ ಎಂಟುನೂರ ಹತ್ತನೆಯ ಇಸವಿ, ಒಪ್ಪಿಗೆ ನನ್ನದು. ಕೆಳಗೆ ಮಗನ ಹೆಸರು ಬರೆದು, ಅದರ ಮುಂದೆಯೂ ವಿವಾಹಿತ, ಒಪ್ಪಿಗೆ ನನ್ನದು ಎಂದು ಬರೆದರು. "ಅರಮನೆಯೋರು ಏನಾದ್ರೂ ಅಂದ್ರೆ ನನ್ನ ಹತ್ರ ಬರ್ಲಿ. ಏಳು ವರ್ಷ ಅವರಿಗೋಸ್ಕರ ಕತ್ತಲೇಲಿ ಕೂತಿದ್ದೀನಿ, ಇದೊಂದು ಮಾತು ಕೇಳೋ ಹಕ್ಕು ನನಗಿದೆ. ಪದವಿ ಮಾತ್ರ ವಾಪಸ್ ಕೊಡೋಕೆ ಆಗಲ್ಲ ಕಣಯ್ಯ."

"ಪದವಿ ಯಾರಿಗೆ ಬೇಕು ಸಾಹೇಬ್ರೇ!" ಎಂದು ಯುಸ್ಟುಸ್ ಓಡಿದ. ಮೆಟ್ಟಿಲಿಳಿಯುವಾಗ ಚೌರಿ ಕಳಚಿ ಬಿತ್ತು. ಹಿಂದೆ ತಿರುಗಿಯೂ ನೋಡಲಿಲ್ಲ.

ಟ್ರೂಡೆ ಕಟ್ಟಿದ ಪೆಟ್ಟಿಗೆಯ ಮೇಲೆ ಮಗುವನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ಅವನ ಮುಖ ನೋಡಿದ್ದೇ ಅವಳಿಗೆ ಗೊತ್ತಾಯಿತು. ಹೋದ ಜೀವ ಬಂದಂತಾಗಿ ಎದ್ದು ನಿಂತವಳು, ಸಂತೋಷದ ಮಾತೊಂದೂ ಬಾಯಿಗೆ ಬಾರದೆ ಅವನನ್ನು ಬೈಯತೊಡಗಿದಳು. "ಇಷ್ಟೆಲ್ಲ ಆಗೋಕೆ ಹಬ್ಬದವರೆಗೆ ಕಾಯ್ಬೇಕಿತ್ತಾ? ನನ್ನ ಹೊಟ್ಟೆ ಉರಿಸೋಕೇ ರಷ್ಯದಿಂದ ಬಂದ್ರಾ ನೀವು?" ಬೈಯುತ್ತ ಅವನ ಎದೆಗೆ ತಲೆ ಇಟ್ಟಳು, ಬೈಯುತ್ತಲೇ ಇದ್ದಳು. ಇಷ್ಟು ಇಂಪಾದ ಬೈಗುಳವನ್ನು ಯುಸ್ಟುಸ್ ಜನ್ಮದಲ್ಲಿ ಕೇಳಿರಲಿಲ್ಲ.

ಪೆಟ್ಟಿಗೆ ಬಿಚ್ಚಿ ಬಟ್ಟೆಗಳನ್ನು ಬೀರುವಿಗೆ ಇಡುತ್ತಿರುವಾಗ ಬಾಗಿಲು ತಟ್ಟಿದ ಸದ್ದಾಯಿತು. ಕರ್ನಲ್ ಒಬ್ಬರೇ ನಿಂತಿದ್ದರು, ಟೋಪಿ ಕೈಯಲ್ಲಿತ್ತು. ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲ ಆಚೆಯೇ ಉಳಿದರು.

"ಉಂಬಾಖ್ ಅವರ ಹೆಂಡತಿಯೇನಮ್ಮ ನೀನು?" ಎಂದು ಟ್ರೂಡೆಯನ್ನು ಕೇಳಿದರು.

"ಹೂಂ ಸ್ವಾಮಿ. ಒಳಗೆ ಬನ್ನಿ. ಕಾಫಿ ಇದೆ," ಎಂದಳು ಟ್ರೂಡೆ. ಅವಳ ದನಿಯಲ್ಲಿ ಸಿಟ್ಟು ಇನ್ನೂ ಸ್ವಲ್ಪ ಉಳಿದಿತ್ತು, ಆದರೆ ಕುರ್ಚಿಯನ್ನು ತಾನೇ ಒರೆಸಿ ಹಾಕಿದಳು.

ಕರ್ನಲ್ ಕಾಫಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು, ಕುಡಿಯಲಿಲ್ಲ.

"ಮೋರಿಟ್ಸ್ ವಿಷಯ ಎಲ್ಲಾ ಹೇಳಯ್ಯ. ಒಂದು ದಿನಾನೂ ಬಿಡ್ಬೇಡ."

"ಎಲ್ಲಿಂದ ಹೇಳ್ಲಿ? ಸಾರಾತೊವ್‌ಗೆ ಹೋದ ಮೇಲಿನದಾ?" ಎಂದ ಯುಸ್ಟುಸ್.

"ಅಲ್ಲಪ್ಪಾ. ನಾನು ಬಾಗಿಲು ಹಾಕಿದೆನಲ್ಲ, ಆವತ್ತು ಅವನು ನಮ್ಮ ಮನೆಯಿಂದ ಎಲ್ಲಿಗೆ ಹೋದ? ಊಟ ಮಾಡಿದ್ನಾ? ಅಲ್ಲಿಂದ ಹೇಳು."